ಕಪ್ಪು ನಾಯಕಿಯನ್ನು ತಿಳಿ ಮಾಡಹೊರಟ ಪ್ರಕಾಶಕರು

ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಹುಬ್ಬಳ್ಳಿಯ ತಾರಿಹಾಳದ ಆಫ್‌ಸೆಟ್ ಪ್ರೆಸ್ಸೊಂದರಲ್ಲಿ ಪ್ರಿ-ಪ್ರೆಸ್ ವಿಭಾಗದ ಮುಖ್ಯಸ್ಥನಾಗಿದ್ದೆ. ಚಿತ್ರವೊಂದು ಮಶಿನ್ನಿಗೆ ಹೋಗುವ ಮೊದಲು ಅದರ ಬಣ್ಣಗಳನ್ನು ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟುಗಳಿಗೆ ಬೇರ್ಪಡಿಸಿ, ಪ್ರೂಫ್ ಅಂದರೆ ಮಾದರಿ ಪ್ರತಿ ತೆಗೆದು, ಗಿರಾಕಿಯ ಒಪ್ಪಿಗೆ ಪಡೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದೆ. ಮುದ್ರಿಸಿದ್ದರಲ್ಲಿ ಹೆಚ್ಚಿನದು ಮರೆಯಲು ಯೋಗ್ಯವಾದದ್ದೇ.

ಆ ವರ್ಷ ಬಂದ ಪ್ರಕಾಶಕರ ಟೀ-ಶರ್ಟಿನ ಮೇಲೆ ಎತ್ತಿದ ಕಪ್ಪು ಮುಷ್ಟಿಯ ಚಿತ್ರವಿತ್ತು. ಅದು ಅಮೆರಿಕದ ಕಪ್ಪು ಜನರ ಹೋರಾಟದ ಗುರುತು. ಆ ಹೋರಾಟದ ಬಗ್ಗೆ ಅವರು ಮಾತು ಶುರು ಮಾಡಿದರೆ ಎದುರು ಕೂತವರ ಚಹಾ ಆರಿಹೋಗುತ್ತಿತ್ತು. ಸಿನಿಮಾದ ಕಪ್ಪು ಸೂಪರ್‌ಹೀರೋಗಳಿಗೆ ಇಲ್ಲಿನ ಮಕ್ಕಳೂ ಮುಗಿಬೀಳುವುದನ್ನು ಕಂಡು, ಕನ್ನಡದಲ್ಲೂ ಅಂಥದೊಂದು ಕಾಮಿಕ್ಸ್ ತರಲು ಹೊರಟಿದ್ದರು.

ಚಿತ್ರ ಬರೆದವರು ರೇಣುಕಾ. ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆಗಿದ್ದ ಡ್ರಾಯಿಂಗ್ ಟೀಚರ್, ಸಿದ್ದಿ ಸಮುದಾಯದವರು. ಅವರ ಹಿರೀಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದು ಹಳಿಯಾಳದ ಕಾಡಿನ ಕಡೆ ನೆಲೆಸಿದವರು. ರೇಣುಕಾ ತಮ್ಮ ನಾಯಕಿಗೆ ತೀರಿಹೋದ ಸೋದರತ್ತೆಯ ಮುಖ ಕೊಟ್ಟಿದ್ದರು. ಆಕೆ ಮುಷ್ಟಿ ಬಿಗಿದರೆ ಕಬ್ಬಿಣದ ಗೇಟು ಕಿತ್ತು ಬೀಳುತ್ತಿತ್ತು. ಕೊನೆಯ ಆರು ಪುಟಗಳಲ್ಲಿ ಊರ ಹೆಂಗಸರನ್ನು ಕಟ್ಟಿಕೊಂಡು, ಜಮೀನಿನ ಹಕ್ಕುಪತ್ರ ಕೇಳಲು ಮೆರವಣಿಗೆ ಹೊರಡುತ್ತಿದ್ದಳು.

ಪ್ರೂಫ್ ನೋಡಿದ ಪ್ರಕಾಶಕರು ನನ್ನನ್ನು ಪಕ್ಕಕ್ಕೆ ಕರೆದರು. “ಮಾರಿ ಇಷ್ಟು ಕರ್ರಗ ಇದ್ರ ಯಾರು ತಗೋತಾರ್ರಿ? ತಿಳಿ ಮಾಡ್ರಿ. ಮಶಿನ್‌ನ್ಯಾಗ ಬರೂದಿಲ್ಲ ಅಂತ ಆಕಿಗೆ ನೀವ ಹೇಳ್ರಿ. ಆ ಮೆರವಣಿಗಿನೂ ತಗೀರಿ, ರಾಜಕೀಯ ಬ್ಯಾಡ. ಆಕಿ ಹಾರಾಡಿದ್ರ ಸಾಕು.”

ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ನಾನು ಹೇಳಿದೆ. “ಇಂಕ್ ದಟ್ಟ ಆಗತೈತ್ರಿ ಟೀಚರ್, ಕಣ್ಣು ಮೂಗು ಕಾಣೂದಿಲ್ಲ.”

ರೇಣುಕಾ ಜಗಳವಾಡಲಿಲ್ಲ. ಗೋಡೆಯ ಮೇಲೆ ಪಶು ಆಹಾರದ ಕಂಪನಿಯೊಂದರ ಕ್ಯಾಲೆಂಡರ್ ಇತ್ತು, ಅದರಲ್ಲೊಂದು ಎಮ್ಮೆ. ಅದರ ಹತ್ತಿರ ಹೋಗಿ ನಿಂತರು.

“ಕಾಕಾ, ಇದು ನಿಮ್ಮ ಮಶಿನ್‌ನ್ಯಾಗ ಹೊಡದದ್ದೇನ್ರಿ?”

“ಹೌದ್ರಿ.”

“ಎಮ್ಮಿ ಮೈಮ್ಯಾಲಿನ ಕೂದಲಾ ಸೈತ ಎಣಸಬಹುದಲ್ರಿ. ನಮ್ಮತ್ತಿ ಮಾರಿ ಬಂದ ಕೂಡ್ಲೆ ಮಶಿನ್ ಕೆಟ್ಟಿತೇನ್ರಿ?”

ಆ ಎಮ್ಮೆಗಾಗಿ ನಾನು ಇಡೀ ಮಧ್ಯಾಹ್ನ ಕೂತಿದ್ದೆ. ಈ ಹೆಣ್ಣುಮಗಳ ಮುಖಕ್ಕೆ ಹತ್ತು ನಿಮಿಷ ಕೊಟ್ಟಿರಲಿಲ್ಲ.

ಎರಡು ದಿನ ಕೂತು ಮತ್ತೆ ಮಾಡಿದೆ. ಬರೀ ಕಪ್ಪು ಇಂಕಿನಿಂದ ಕಪ್ಪು ಮೈ ಮೂಡುವುದಿಲ್ಲ. ಅಡಿಯಲ್ಲಿ ಕೆಂಪು, ಹಳದಿ ಇರಬೇಕು. ಹಣೆ, ಕೆನ್ನೆಯ ಹೊಳಪಿನಲ್ಲಿ ಕಪ್ಪು ತಗ್ಗಬೇಕು. ಹೊಸ ಪ್ರೂಫ್ ಕೈಗೆ ಬಂದಾಗ ರೇಣುಕಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಹಿಂಗ ಇದ್ದಳ್ರಿ,” ಎಂದರು.

ಪ್ರಕಾಶಕರು ಅದನ್ನು ನೋಡಿ ಸಿಡಿಮಿಡಿಗೊಂಡರು. “ನಿಮಗ್ಯಾಕ್ರಿ ಈ ಉಸಾಬರಿ?”

ರೇಣುಕಾ ಅವರ ಎದೆಯತ್ತ ಬೆರಳು ತೋರಿಸಿ ಕೇಳಿದರು: “ಸರ್, ನಿಮ್ಮ ಅಂಗಿ ಮ್ಯಾಲಿನ ಕೈ ಯಾರದ್ರಿ?”

ಪ್ರಕಾಶಕರು ಬಗ್ಗಿ ತಮ್ಮ ಅಂಗಿಯನ್ನೇ ನೋಡಿಕೊಂಡರು. “ಇದಾ? ಇದು ಡಿಸೈನ್ ರೀ.”

ರೇಣುಕಾ ಮೂಲ ಚಿತ್ರಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

ಪುಸ್ತಕ ಬೇರೆ ಕಲಾವಿದನ ಕೈಯಿಂದ, ಬೇರೆ ಪ್ರೆಸ್ಸಿನಿಂದ ಹೊರಬಂತು. ಹಾಲು ಹೆಚ್ಚಾದ ಚಹಾದ ಬಣ್ಣದ ನಾಯಕಿ ಪುಟದಿಂದ ಪುಟಕ್ಕೆ ಹಾರುತ್ತಿದ್ದಳು. ಯಾರಿಗಾಗಿ ಎಂಬುದು ಅವಳಿಗೂ ಗೊತ್ತಿದ್ದಂತಿರಲಿಲ್ಲ. ಬಿಡುಗಡೆಯ ದಿನ ಪ್ರಕಾಶಕರು ಕಪ್ಪು ಜನರ ಘನತೆಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ಸಭೆ ಚಪ್ಪಾಳೆ ತಟ್ಟಿತು. ಇಡೀ ಸಭಾಂಗಣದಲ್ಲಿ ಒಬ್ಬ ಸಿದ್ದಿಯೂ ಇರಲಿಲ್ಲ.

ರೇಣುಕಾ ಬರೆದ ಮೆರವಣಿಗೆಯ ಆರು ಪುಟಗಳನ್ನು, ನಮ್ಮಲ್ಲೇ ಉಳಿದಿದ್ದ ಫೈಲುಗಳಿಂದ, ನಮ್ಮ ಮಾಲೀಕರ ಅನುಮತಿ ಪಡೆದು ಒಂದು ಭಾನುವಾರ ಅವರಿಗೆ ಕರಪತ್ರವಾಗಿ ಮುದ್ರಿಸಿಕೊಟ್ಟೆ. ರೇಣುಕಾರ ಊರ ಹೆಂಗಸರು ಅವನ್ನು ಹಿಡಿದು ಖರೇನೇ ತಾಲ್ಲೂಕು ಕಚೇರಿಗೆ ಹೋದರು. ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಅರ್ಜಿ ತಲುಪಿದ್ದಕ್ಕೆ ಸ್ವೀಕೃತಿ ಚೀಟಿ ಮಾತ್ರ ಸಿಕ್ಕಿದೆ, ಮೊದಲ ಸಲ.

ತಂತ್ರಜ್ಞ ಹೇಳುವ ಸುಳ್ಳನ್ನು ಯಾರೂ ಪರೀಕ್ಷಿಸುವುದಿಲ್ಲ. ಅದಕ್ಕೇ ಹೇಡಿಗಳು ತಮ್ಮ ಮಾತನ್ನು ನಮ್ಮ ಬಾಯಿಂದ ಆಡಿಸುತ್ತಾರೆ. ಉಳಿದ ಒಂದು ವರ್ಷ ನನ್ನ ಕೈಕೆಳಗಿನವರಿಗೆ ಕಲಿಸಿದ್ದು ಇದೊಂದೇ: “‘ಆಗೂದಿಲ್ಲ’ ಅಂತ ಹೇಳೂ ಮೊದಲ, ಅದನ್ನ ಮಶಿನ್ ಹೇಳಾಕತ್ತೈತೋ ಮನಿಷ್ಯಾ ಹೇಳಾಕತ್ತಾನೋ ನೋಡ್ಕೋರಿ.”