ಕಳಿಸಿ ಅಳಿಸಿದ ಇಂಗ್ಲಿಷ್

ನಾನು ಇಂಗ್ಲಿಷ್ ಮೇಡಂ. ಇಪ್ಪತ್ತೆರಡು ವರ್ಷದಿಂದ ಅದೇ ಹೊಟ್ಟೆಪಾಡು. ಆದರೂ ಯಾರಾದರೂ ಎದುರಿಗೆ ನಿಂತು ಇಂಗ್ಲಿಷಿನಲ್ಲಿ ಎರಡು ಮಾತಾಡಿದರೆ ನನಗೆ ಬೇರೆಲ್ಲೋ ತುರ್ತು ಕೆಲಸ ನೆನಪಾಗುತ್ತದೆ. ಇದು ನಿಮ್ಮಲ್ಲೇ ಇರಲಿ.

ಜಗಳೂರಿನ ಬಿಳಿಚೋಡು, ಚನ್ನಗಿರಿಯ ಸಂತೇಬೆನ್ನೂರು, ಆಮೇಲೆ ಹೊನ್ನಾಳಿ, ಈಗ ನ್ಯಾಮತಿ ತಾಲ್ಲೂಕಿನ ಸವಳಂಗ. ವರ್ಗಾವಣೆಯ ದಯೆಯಿಂದ ನಾಲ್ಕು ತಾಲ್ಲೂಕು ಸುತ್ತಿದ್ದೇನೆ. ಮಣ್ಣು ಬದಲಾಯಿತು, ಮಳೆ ಬದಲಾಯಿತು, ಮಕ್ಕಳ ಮೌನ ಮಾತ್ರ ಎಲ್ಲ ಕಡೆ ಒಂದೇ. ಪಾಠ ಓದು ಅಂದರೆ ಗಂಟಲು ಹರಿಯುವಂತೆ ಓದುತ್ತಾರೆ. ನಿನ್ನೆ ಏನು ಮಾಡಿದೆ, ಇಂಗ್ಲಿಷಿನಲ್ಲಿ ಹೇಳು ಅಂದರೆ ನೆಲ ನೋಡುತ್ತಾರೆ. ತಪ್ಪು ಅವರದಲ್ಲ. ನಾನೂ ಕನ್ನಡದಲ್ಲೇ ಪಾಠ ಹೇಳಿ, ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು ಕೈ ತೊಳೆದುಕೊಂಡವಳೇ.

ಈ ವರ್ಷ ಆಡಿಯೋ, ವಿಡಿಯೋ ಬಳಸಿ ಮಕ್ಕಳ ಬಾಯಿ ಬಿಡಿಸಿ ಎಂದು ಎರಡು ದಿನ ತರಬೇತಿ ಕೊಟ್ಟು, ಉಪ್ಪಿಟ್ಟು ತಿನ್ನಿಸಿ ಕಳಿಸಿದರು. ಶಾಲೆಗೊಂದು ಟೀವಿಯೂ ಬಂತು. ಮೊದಲ ವಿಡಿಯೋದಲ್ಲಿ ಕೆಂಚು ಕೂದಲಿನ ಹುಡುಗಿಯೊಬ್ಬಳು ಇನ್ನೊಂದು ಚೂರು ಬ್ರೆಡ್ ಕೊಡುವಿರಾ ಎಂದು ತಾಯಿಯನ್ನು ಬಹಳ ವಿನಯದಿಂದ ಕೇಳಿದಳು. ಹಿಂದಿನ ಬೆಂಚಿನಿಂದ ದನಿ ಬಂತು: "ಅವ್ವನ ಹತ್ರ ಯಾರ್ ಹಿಂಗ್ ಕೇಳ್ತಾರ್ರೀ ಮೇಡಂ? ಜಗಳ ಆಗೈತೇನ್ರೀ?"

ಇದಕ್ಕೆ ಉತ್ತರ ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ.

ಹೀಗಾಗಿ ಆಡಿಯೋಗೆ ಇಳಿದೆ. ಮಕ್ಕಳು ದಿನಕ್ಕೊಂದು ಸಲ, ಮನೆಯ ಫೋನಿನಿಂದ, ಅಂದು ಮಾಡಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸಬೇಕು. ಮಾದರಿಗೆ ಮೇಡಂದೂ ಒಂದು ಬರುತ್ತದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

ಒಂಬತ್ತನೇ ತರಗತಿಯ ಭೂಮಿಕಾ ಬರೆಯುವುದರಲ್ಲಿ ಎಲ್ಲರಿಗಿಂತ ಮುಂದು, ಬಾಯಿಗೆ ಮಾತ್ರ ಬೀಗ. ಸಂಜೆಯಾದರೆ ಅವಳ ತಾಯಿಯ ನಂಬರಿನಿಂದ ನಾಲ್ಕೈದು ಸಾಲು ಕಾಣುತ್ತಿದ್ದವು, ಎಲ್ಲವೂ 'ಈ ಸಂದೇಶವನ್ನು ಅಳಿಸಲಾಗಿದೆ'. ತಾಯಿ ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುವವರು. ಒಂದು ದಿನ ಸಾರಿನ ಸೌಟು ಹಿಡಿದೇ ಬಂದರು. "ಹಿತ್ತಲಾಗೆ ನಿಂತು ಮಾತಾಡಿ ಕಳಿಸ್ತಾಳ್ರೀ, ಆಮ್ಯಾಲೆ ತಾನೇ ಕೇಳ್ಕಂಡು ಅಳಿಸ್ತಾಳೆ. ನರ್ಸಿಂಗ್ ಓದ್ತೀನಿ ಅಂತಾಳೆ, ಅಲ್ಲಿ ಎಲ್ಲಾ ಇಂಗ್ಲಿಷಂತೆ. ಬಾಯೇ ಬಿಡದಿದ್ರೆ ಹೆಂಗ್ರೀ ಮೇಡಂ?"

ಹುಡುಗಿಯನ್ನು ಕರೆದು ಕೇಳಿದೆ. "ನನ್ ದನಿ ನನಗೇ ಕೇಳಾಕಾಗಲ್ರೀ" ಅಂದಳು.

ನನ್ನ ಕಥೆಯೂ ಅದೇ. ಮೂರು ವಾರದಿಂದ ಅಡುಗೆಮನೆಯಲ್ಲಿ ನನ್ನ ಮಾದರಿಯನ್ನು ರೆಕಾರ್ಡ್ ಮಾಡುತ್ತಿದ್ದೆ, ಕೇಳುತ್ತಿದ್ದೆ, ಬಿಸಾಡುತ್ತಿದ್ದೆ. ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಯ ಮೂಳೆಯ ಮೂಲಕವೂ ಕೇಳುತ್ತದಂತೆ. ಅದಕ್ಕೇ ನಮಗೆ ನಾವು ಗಂಭೀರವಾಗಿ ಕೇಳಿಸುತ್ತೇವೆ. ಫೋನಿಗೆ ಮೂಳೆಯಿಲ್ಲ, ದಾಕ್ಷಿಣ್ಯವೂ ಇಲ್ಲ. ನನ್ನ ಗಾಂಭೀರ್ಯವನ್ನೆಲ್ಲ ತೆಗೆದು, ಶೀತವಾದ ಮೇಕೆಯ ದನಿಯನ್ನು ಕೈಗೆ ಕೊಡುತ್ತದೆ. ಅದನ್ನು ಕೇಳಲಾರದ ನಾನು ಆ ಮಗುವಿಗೆ ಧೈರ್ಯ ಹೇಳುವುದೇನು!

ಅವತ್ತು ಸಂಜೆ ಹೊನ್ನಾಳಿಯ ಮನೆಗೆ ಹೊರಟ ಬಸ್ಸಿನಲ್ಲಿ ಕೂತಾಗ ಮೈಯಲ್ಲಿ ಕಸುವಿರಲಿಲ್ಲ. ದಣಿವಿನಿಂದ ಒಂದು ಉಪಕಾರವಿದೆ, ಅದು ನಾಚಿಕೆಯನ್ನೂ ದಣಿಸುತ್ತದೆ. ಫೋನ್ ಬಾಯಿಗೆ ಹಿಡಿದು ಇಂಗ್ಲಿಷಿನಲ್ಲಿ ಶುರುಮಾಡಿದೆ. ಐದಕ್ಕೆ ಎದ್ದೆ, ಚಪಾತಿ ಸೀದುಹೋಯಿತು, ಮಂಡಿ ನೋಯುತ್ತಿದೆ, ನನಗೆ ಸಾಕಾಗಿದೆ, ಇಂಗ್ಲಿಷ್ ಮಾತಾಡಲು ನನಗೂ ಭಯ. ಎರಡು ಕಡೆ ತಡವರಿಸಿದೆ. ನಡುವೆ ಬಸ್ಸಿನ ಹಾರನ್, ಕಂಡಕ್ಟರನ "ನ್ಯಾಮತಿ ಯಾರ್ರೀ, ಬಾಗಿಲಿಗ್ ಬರ್ರಿ!" ಎಲ್ಲ ಸೇರಿತು. ಕೇಳಿಸಿಕೊಳ್ಳದೆ ಕಳಿಸಿ, ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಮನೆಗೆ ಬಂದು ಅಕ್ಕಿ ತೊಳೆದು ಕುಕ್ಕರ್ ಒಲೆಗಿಟ್ಟು ನೋಡಿದರೆ ಭೂಮಿಕಾಳ ಆರು ಸೆಕೆಂಡಿನ ಸಂದೇಶ. ಇನ್ನೇನು ಅಳಿಸುತ್ತಾಳೆ ಎಂದು ಕಾದೆ. ಅಳಿಸಲಿಲ್ಲ. ಒತ್ತಿದೆ. ಮೊದಲು ಒಂದು ಕೋಳಿ ಕೂಗಿತು, ಆಮೇಲೆ ನಡುಗುವ ದನಿ: "ಮೇಡಂ, ಬಸ್ ಸೌಂಡ್. ಐ ನಾಟ್ ಹಿಯರ್. ಪ್ಲೀಸ್ ಸೇ ಅಗೇನ್."

ಇಷ್ಟು ವರ್ಷ ಎಷ್ಟೋ ಮಕ್ಕಳು ನನಗೆ ಇಂಗ್ಲಿಷ್ ಒಪ್ಪಿಸಿದ್ದಾರೆ. ನಾನು ಹೇಳಿದ್ದು ತನಗೆ ತಿಳಿಯಬೇಕೆಂದು ಇಂಗ್ಲಿಷಿನಲ್ಲಿ ಕೇಳಿದವಳು ಇವಳೊಬ್ಬಳೇ. ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಕುಕ್ಕರ್ ಸೀಟಿ ಹೊಡೆದರೆ ಮತ್ತೆ ಕೇಳಿಸಲಿಕ್ಕಿಲ್ಲವೆಂದು ಒಲೆ ಆರಿಸಿ, ಚಪಾತಿ ಸೀದುಹೋದಲ್ಲಿಂದ ಮತ್ತೊಮ್ಮೆ ಹೇಳಿದೆ.