ಹದಿನೆಂಟು ಸುತ್ತಿನ ಡೇರೆ

೧೯೯೧ ನವೆಂಬರ್ ೧೪, ಗುರುವಾರ, ಸಂಜೆ ೪.೨೦. ಒಮಾನಿನ ಸೀಬ್ ಪೇಟೆಯ ಸೂಕ್‌ನ (ಸಂತೆಬೀದಿಯ) ಡೇರೆ ಅಂಗಡಿ.

ನಮ್ಮ ಪಕ್ಕದ ಮನೆಯ ಅಂಕಲ್ ಒಮಾನಿ ಗೆಳೆಯನ ಜೊತೆ ಇಬ್ರಿಯ ಮರುಭೂಮಿಯ ಕಡೆ ಮೊಲದ ಬೇಟೆಗೆ ಹೋಗುವಾಗ ತಮ್ಮಿಬ್ಬರು ಪುಟ್ಟ ಮಕ್ಕಳನ್ನೂ ಕರೆದೊಯ್ಯುತ್ತಿದ್ದರು. ಗಾಡಿ ಬಿಟ್ಟ ಮೇಲೆ ನಡಿಗೆಯೇ. ಹಾಗಾಗಿ ಯಾವ ಡೇರೆ ತೋರಿಸಿದರೂ ಅವರ ಮಾತು ಒಂದೇ: "ಮಗು ನಿದ್ದೆ ಹೋದ್ರೆ ಇದನ್ನು ಹೊರುದು ಯಾರು?"

ಮಗಳನ್ನು ಹೆಗಲಿಗೇರಿಸಿ, ಒಂದೊಂದೇ ಡೇರೆ ಹಿಡಿದು ಅಂಗಡಿಯೊಳಗೆ ಮೂರು ಮೂರು ಸುತ್ತು ನಡೆದರು. ನಾನು ಎಣಿಸಿದೆ: ಆರು ಡೇರೆ, ಹದಿನೆಂಟು ಸುತ್ತು.

"ಖಲಾಸ್ ಮಾರಾಯ್ರೇ, ಬೇಟೆ ಇಲ್ಲೇ ಮುಗೀತು!" ಎಂದರು ಮಂಗಳೂರಿನ ಅಂಗಡಿಯವರು.

ಆರನೆಯದು ತೀರಾ ಹಗುರ. ಅದನ್ನು ಅಲ್ಲೇ ಬಿಡಿಸಿ, ಮಕ್ಕಳ ನಡುವೆ ಮಲಗಿ ನೋಡಿದರು. ಅವರ ಮೊಣಕಾಲಿನ ಕೆಳಗೆಲ್ಲ ಹೊರಗೇ ಉಳಿಯಿತು.

"ಅಡ್ಡಿಲ್ಲ, ಇವರ ಕಾಲು ಒಳಗುಂಟಲ್ಲ," ಎಂದು ಅದನ್ನೇ ಕೊಂಡರು.

ಇಬ್ರಿಯ ಗಾಳಿಗೆ ಆ ಡೇರೆ ನಿಂತಿತೇ? ನನ್ನ ಡೈರಿಯಲ್ಲಿ ಅದಿಲ್ಲ. ಆ ಮಕ್ಕಳಿಗೆ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಲಿ.