ಅಕ್ಕೋರ ಗೋಡೆಯ ಮೇಲಿನ ಹಕ್ಕಿ

ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಾಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಕ್ಯಾಮೆರಾದಲ್ಲಿ ಇಣುಕುವಾಗ ಮುಚ್ಚಿ ಮುಚ್ಚಿ ಹಾಗಾಗಿತ್ತು. ಯಾರಾದರೂ ಮಾತಾಡಿಸಿದರೂ ಆ ಕಣ್ಣನ್ನು ಅರ್ಧ ಮುಚ್ಚಿಯೇ ನೋಡುವರು. ಕಕ್ಕೇರಾದ ಶಾಲೆಗೆ ಹೊಸದಾಗಿ ಕಲಿಸಲು ಬಂದ ನನಗೆ, ಈಕೆ ನನ್ನನ್ನು ಅಳೆಯುತ್ತಿದ್ದಾರೆಂದು ಸಿಟ್ಟೇ ಬಂದಿತ್ತು. ಅವರು ವಿಜ್ಞಾನ ಕಲಿಸುತ್ತಿದ್ದರು. ಊರಿಗೆಲ್ಲ ಅಕ್ಕೋರು, ಬರಬರುತ್ತ ನನಗೂ ಅಕ್ಕೋರೇ ಆದರು.

ಭಾನುವಾರ ಬಂತೆಂದರೆ ಕೃಷ್ಣೆಯ ನಡುಗಡ್ಡೆಗೆ ಹೊರಡುವರು. ಮದುವೆಯಾಗದ ಹೆಂಗಸು, ಹೆಗಲಿಗೆ ಕ್ಯಾಮೆರಾ, ಹರಗೋಲಿನಲ್ಲಿ ಒಬ್ಬರೇ. ಊರು ಆಡಿಕೊಳ್ಳುವಷ್ಟು ಆಡಿಕೊಂಡು, ಬೇಸತ್ತು ಸುಮ್ಮನಾಗಿತ್ತು. ಹೊತ್ತು ಹೋಗದ ನಾನು ಜೊತೆಗೆ ಹೋಗತೊಡಗಿದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ, ಮೀನು ಕಚ್ಚಿಕೊಂಡು ಮೇಲೇಳುವ ನೀರುನಾಯಿ, ಎಕ್ಕೆಯ ಹೂವು, ಸಂಜೆಯ ಹೊಳೆ, ಎಲ್ಲದರ ಚಿತ್ರ ತೆಗೆಯುತ್ತಿದ್ದರು. ಅವರ ನಿಯಮ ಒಂದೇ: ಏನನ್ನೂ ಮುಟ್ಟಬಾರದು. ಒಮ್ಮೆ ಹೂವಿಗೆ ಅಡ್ಡವಾಗಿದ್ದ ಒಣ ಕಡ್ಡಿಯೊಂದನ್ನು ನಾನು ಸರಿಸಲು ಹೋದೆ.

“ಏ, ಬಿಡವಾ! ಅದು ಇದ್ದಲ್ಲೇ ಇರ್ಲಿ. ನಾವ್ ಸರಿಬೇಕು” ಎಂದು ಗದರಿ, ತಾವೇ ಕೆಸರಿನಲ್ಲಿ ಮೊಣಕಾಲೂರಿ ಪಕ್ಕಕ್ಕೆ ಸರಿದರು. ಸೀರೆ ಹಾಳಾಯಿತು, ಚಿತ್ರ ಚೆನ್ನಾಗಿ ಬಂತು.

ಒಂದು ಬೇಸಿಗೆ ರಜೆಯಲ್ಲಿ ನಡುಗಡ್ಡೆಯ ಅಂಚಿನ ಮರಳದಿಣ್ಣೆಯ ಮೇಲೆ ರೀವ ಎಂಬ ಹೊಳೆಹಕ್ಕಿ ಮೊಟ್ಟೆ ಇಟ್ಟಿತು. ಗೂಡಿಲ್ಲ, ಕಡ್ಡಿಯಿಲ್ಲ, ಬರಿ ಮರಳಿನಲ್ಲೊಂದು ತಗ್ಗು. ಬಿಸಿಲೇರಿದರೆ ಹಕ್ಕಿ ಹೊಳೆಗೆ ಹೋಗಿ, ಹೊಟ್ಟೆ ತೋಯಿಸಿಕೊಂಡು ಬಂದು, ಮೊಟ್ಟೆಯನ್ನು ತಂಪು ಮಾಡುತ್ತಿತ್ತು. ಮರಿ ಹೊರಬರುವುದನ್ನು ತೆಗೆಯಬೇಕೆಂದು ಅಕ್ಕೋರು ದಿನವೂ ಹೋಗಿ ಕಾಯುತ್ತಿದ್ದರು. ಅಂಥದರಲ್ಲಿ ಒಂದು ಬೆಳಿಗ್ಗೆ ನಮ್ಮ ಹರಗೋಲು ನಡೆಸುವ ಮುದುಕ ಹೇಳಿದ:

“ಅಕ್ಕೋರೇ, ಇವತ್ತ ಡ್ಯಾಮಿನ ಗೇಟ್ ಎತ್ತತಾರಂತ್ರಿ. ಕೆಳಗಿನ ಊರಿಗೆ ಕುಡಿಯಾಕ ನೀರು ಬಿಡಾಕತ್ತಾರ. ದಿಣ್ಣಿ ಮುಳಗ್ತದ್ರಿ.”

ಅಕ್ಕೋರು ದಿಣ್ಣೆಗೆ ಇಳಿದು ಮೊಟ್ಟೆಗಳ ಬಳಿ ಹೋದರು. ಆಮೇಲೆ ಕ್ಯಾಮೆರಾ ನನ್ನ ಕೈಗಿತ್ತು, ಮೊಟ್ಟೆಗಳನ್ನು ಸೆರಗಿನಲ್ಲಿ ಎತ್ತಿಕೊಂಡು, ಮೇಲಿನ ಬಂಡೆಯ ಬುಡದಲ್ಲಿ ಕೈಯಿಂದ ತಗ್ಗು ತೋಡಿ ಇಟ್ಟರು. ಹಕ್ಕಿ ನಮ್ಮ ತಲೆಯ ಮೇಲೆ ಕಿರುಚಿ ಕಿರುಚಿ, ಕೊನೆಗೆ ಹಳೆಯ ತಗ್ಗಿಗೇ ಇಳಿಯಿತು. ಬರಿ ಮರಳಿನ ಮೇಲೆ ಕೂತಿತು.

“ಇಲ್ಲಿ ಅದಾವ, ಇಲ್ಲಿ ನೋಡ, ಬಾ” ಎಂದು ಅಕ್ಕೋರು ಕೂಸನ್ನು ಕರೆದಂತೆ ಕರೆದರು. ಅದು ಬರಲಿಲ್ಲ. ಹೆದರದೆ ಬರಲೆಂದು ನಾವು ದೂರ ಸರಿದು ಕಾದೆವು. ವಾಪಸ್ ಇಡೋಣವೆಂದರೆ ನೀರು ಏರುತ್ತಿತ್ತು. ಹೀಗೆ ಮಧ್ಯಾಹ್ನ ದಾಟಿತು. ನೀರು ಹಳೆಯ ತಗ್ಗಿಗಿಂತ ಒಂದು ಗೇಣು ಕೆಳಗೇ ನಿಂತುಬಿಟ್ಟಿತು. ಓಡಿ ಹೋಗಿ ನೋಡಿದರೆ ಬಂಡೆಯ ಬುಡದ ಮೊಟ್ಟೆಗಳು ಕೈ ಸುಡುವಷ್ಟು ಕಾದಿದ್ದವು.

ಅವನ್ನು ಹಳೆಯ ಜಾಗದಲ್ಲೇ ಇಟ್ಟೆವು. ಹಕ್ಕಿ ಹೊಟ್ಟೆ ತೋಯಿಸಿಕೊಂಡು ಬಂದು ಮೇಲೆ ಕೂತಿತು. ಆಗ ಅಕ್ಕೋರು ಒಂದೇ ಒಂದು ಚಿತ್ರ ತೆಗೆದರು.

“ನೀರು ಕೊಲ್ತದಂತ ತಿಳಕೊಂಡಿದ್ದೆ. ಕೊಂದದ್ದು ನನ್ನ ಕೈ” ಎಂದರು. ಹಕ್ಕಿ ಎಷ್ಟೋ ದಿನ ಕೂತೇ ಇತ್ತು. ಮರಿ ಬರಲಿಲ್ಲ.

ಆ ಚಿತ್ರವನ್ನು ದೊಡ್ಡದು ಮಾಡಿಸಿ ತಮ್ಮ ಮಂಚದ ಎದುರಿನ ಗೋಡೆಗೆ ಹಾಕಿಕೊಂಡರು. ಬಂದವರೆಲ್ಲ, “ಏನ್ ಚಂದ ಕಾವಿಗೆ ಕುಂತದ್ರಿ!” ಎನ್ನುವರು. “ಹ್ಞೂಂ, ಕುಂತದ” ಎಂದಷ್ಟೇ ಹೇಳುವರು.

ನಿವೃತ್ತಿಯ ನಂತರವೂ ಅದೇ ಮನೆಯಲ್ಲಿದ್ದರು. ಕಾಯಿಲೆ ಬಿದ್ದು, ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಯಾದಗಿರಿಯಲ್ಲಿದ್ದ ಅವರ ತಮ್ಮ ಕಾರು ತೆಗೆದುಕೊಂಡು ಬಂದರು. ಒಳ್ಳೆಯ ಮನುಷ್ಯ. ಹಿಂದಿನ ಸೀಟಿನಲ್ಲಿ ಗಾದಿ ಹಾಸಿ, ದಿಂಬು ಜೋಡಿಸಿದ್ದರು.

“ಅಕ್ಕಾ, ನಮ್ಮ ಮನ್ಯಾಗ ಕೂಲರ್ ಅದ, ನೋಡ್ಕೊಳ್ಳಾಕ ಮಂದಿ ಅದಾರ. ನಡಿ” ಎಂದು ಎತ್ತಿಕೊಳ್ಳಲು ಬಾಗಿದರು.

ಅಕ್ಕೋರು ಎಡಗಣ್ಣು ಮುಚ್ಚಿ ಗೋಡೆಯ ಚಿತ್ರ ನೋಡಿದರು, ಆಮೇಲೆ ನನ್ನನ್ನು. “ನೀ ಹೇಳವಾ” ಎಂದರು.

ರಕ್ತಸಂಬಂಧಿಯ ಎದುರು ನಾನು ಯಾರು ಹೇಳುವುದಕ್ಕೆ? ಆದರೂ ಆ ತಮ್ಮನನ್ನು ಅಂಗಳಕ್ಕೆ ಕರೆದು ಮೊಟ್ಟೆಯ ಕತೆ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅವರು ಕಟ್ಟೆಯ ಮೇಲೆ ಕೂತುಬಿಟ್ಟರು.

“ಹಂಗಾದ್ರ ನಾ ಏನ್ ಮಾಡ್ಲಿರಿ?”

“ಅಕ್ಕೋರು ಇದ್ದಲ್ಲೇ ಇರ್ಲಿ. ನಾವ್ ಸರಿಯೋಣ್ರಿ” ಎಂದೆ.

ಅವರು ಎದ್ದು ಹೋಗಿ ಕಾರಿನೊಳಗಿನ ಗಾದಿಯನ್ನು ತಂದು ಮಂಚದ ಕೆಳಗೆ ಹಾಸಿಕೊಂಡರು. ಅಲ್ಲಿಯೇ ಉಳಿದರು. ಕಡು ಬೇಸಿಗೆ, ಕರೆಂಟಿಲ್ಲ. ಹಿತ್ತಲಿನ ಕೊಡದಲ್ಲಿ ಟವೆಲ್ಲು ತೋಯಿಸಿಕೊಂಡು ಬಂದು ಅಕ್ಕನ ಹಣೆಗೆ, ಎದೆಗೆ ಹಾಕುವರು. ಒಣಗಿದರೆ ಮತ್ತೆ ಹೋಗುವರು. ಒಂದು ಮಧ್ಯಾಹ್ನ ಅಕ್ಕೋರ ಉಸಿರು ನಿಂತಿತು. ಅದನ್ನು ನೋಡಿದ ಮೇಲೂ ಅವರು ಹಿತ್ತಲಿಗೆ ಹೋಗಿ ಟವೆಲ್ಲು ತೋಯಿಸಿಕೊಂಡು ಬಂದರು. ನಾನು ಪಕ್ಕಕ್ಕೆ ಸರಿದೆ.